ಓಟು ಹಾಕಿದ ಮೇಲೆ ಅದು ಯಾರದ್ದು?

ಇಂದ್ರಕೀಲಾದ್ರಿ ಅಂದ ಕೂಡಲೇ ನಮ್ಮ ಕರಾವಳಿಯವರಿಗೆ ನೆನಪಾಗೋದು ಯಕ್ಷಗಾನದ ಅರ್ಜುನ. ಪಾಶುಪತಾಸ್ತ್ರಕ್ಕಾಗಿ ಅವನು ತಪಸ್ಸಿಗೆ ಕೂತ ಬೆಟ್ಟ ಅದು. ವಿಜಯವಾಡದವರನ್ನು ಕೇಳಿದರೆ ಆ ಬೆಟ್ಟ ತಮ್ಮ ಊರಿನಲ್ಲೇ ಇದೆ ಅನ್ನುತ್ತಾರೆ. ಕೃಷ್ಣಾ ನದಿಯ ದಂಡೆಯಲ್ಲಿ, ಪ್ರಕಾಶಂ ಬ್ಯಾರೇಜಿನ ಪಕ್ಕದಲ್ಲಿ, ತಲೆಯ ಮೇಲೆ ಕನಕದುರ್ಗಾ ದೇವಸ್ಥಾನವನ್ನು ಹೊತ್ತು ನಿಂತಿದೆ. ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಹೋದ ನೀರು ಕೊನೆಗೆ ಮುಟ್ಟೋದು ಇದರ ಬುಡವನ್ನೇ. ಬೆಟ್ಟದ ಕೆಳಗಿನ ಹಳೆಯ ಪೇಟೆಗೆ ಒನ್‌ಟೌನ್ ಅಂತ ಹೆಸರು. ಕಾಳೇಶ್ವರ ರಾವ್ ಮಾರುಕಟ್ಟೆ, ಇಸ್ಲಾಂಪೇಟ, ವಿಂಚಿಪೇಟ ಎಲ್ಲ ಇಲ್ಲಿವೆ. ದೇವಸ್ಥಾನದ ಹಾದಿಯೂ ಮಸೀದಿಯ ಗಲ್ಲಿಯೂ ಅಕ್ಕಪಕ್ಕ. ಚುನಾವಣಾ ಲೆಕ್ಕದಲ್ಲಿ ಇದು ವಿಜಯವಾಡ ಪಶ್ಚಿಮ ವಿಧಾನಸಭಾ ಕ್ಷೇತ್ರ.

ನೀವು ಈ ಕ್ಷೇತ್ರದ ಒಬ್ಬ ಮತದಾರ ಅಂದುಕೊಳ್ಳಿ. 2009ರಲ್ಲಿ ನಿಮ್ಮ ಕ್ಷೇತ್ರ ಗೆಲ್ಲಿಸಿದ್ದು ನಟ ಚಿರಂಜೀವಿ ಕಟ್ಟಿದ ಪ್ರಜಾರಾಜ್ಯಂ ಪಕ್ಷದ ವೆಲ್ಲಂಪಲ್ಲಿ ಶ್ರೀನಿವಾಸ್ ಅವರನ್ನು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಪಕ್ಷವೇ ಕಾಂಗ್ರೆಸ್ಸಿನಲ್ಲಿ ವಿಲೀನವಾಯಿತು. 2014ರಲ್ಲಿ ನೀವು ವೈಎಸ್‌ಆರ್ ಕಾಂಗ್ರೆಸ್ಸಿನ ಜಲೀಲ್ ಖಾನ್ ಅವರನ್ನು ಗೆಲ್ಲಿಸಿದಿರಿ. ಅವರೆದುರು ಸೋತದ್ದು ಅದೇ ಶ್ರೀನಿವಾಸ್, ಈ ಸಲ ಬಿಜೆಪಿಯಿಂದ. 2016ರಲ್ಲಿ ಜಲೀಲ್ ಖಾನ್ ಆಳುವ ತೆಲುಗು ದೇಶಂ ಸೇರಿದರು. 2019ರಲ್ಲಿ ಅವರ ಮಗಳು ತೆಲುಗು ದೇಶಂನಿಂದ ನಿಂತು ಸೋತರು. ಗೆದ್ದವರು ಮತ್ತೆ ಶ್ರೀನಿವಾಸ್, ಈಗ ವೈಎಸ್‌ಆರ್ ಕಾಂಗ್ರೆಸ್ಸಿನಿಂದ. ಅವರು ಮುಜರಾಯಿ ಮಂತ್ರಿಯೂ ಆದರು. 2024ರಲ್ಲಿ ಗೆದ್ದದ್ದು ಬಿಜೆಪಿಯ ಸುಜನಾ ಚೌಧರಿ. ಅವರು 2019ರ ತನಕ ತೆಲುಗು ದೇಶಂನ ರಾಜ್ಯಸಭಾ ಸದಸ್ಯರು, ಆ ಪಕ್ಷದಿಂದಲೇ ಕೇಂದ್ರದಲ್ಲಿ ಮಂತ್ರಿಯಾಗಿದ್ದವರು.

ತಲೆ ತಿರುಗಿತಾ? ಒನ್‌ಟೌನಿನ ಮತದಾರನಿಗೆ ತಿರುಗದೆ ಇರುತ್ತಾ? ಅವನು ಐದು ವರ್ಷಕ್ಕೊಮ್ಮೆ ಸರಿಯಾಗಿಯೇ ಸಾಲಿನಲ್ಲಿ ನಿಂತಿದ್ದಾನೆ. ಬೆರಳಿಗೆ ಶಾಯಿ ಹಾಕಿಸಿಕೊಂಡಿದ್ದಾನೆ. ಆದರೆ ಅವನ ಓಟು ಅವನು ಹಾಕಿದ ಜಾಗದಲ್ಲೇ ಉಳಿದದ್ದು ಎಷ್ಟು ಸಲ? ಇಲ್ಲಿ ಯಾರೊಬ್ಬರನ್ನೋ ಕಳ್ಳರ ಸಾಲಿನಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಇದು ಇಡೀ ದೇಶದ ಕತೆ, ನಮ್ಮ ಕರ್ನಾಟಕದ್ದಂತೂ ಹೌದೇ ಹೌದು. ಪ್ರಜಾಪ್ರಭುತ್ವದ ಸರ್ಕಾರದಲ್ಲಿ ಪಕ್ಷ ಅನ್ನುವುದರ ಕೆಲಸ ಏನು ಎಂಬ ಪ್ರಶ್ನೆಯನ್ನು ಪೌರನೀತಿ ಪುಸ್ತಕದಿಂದ ಶುರು ಮಾಡುವ ಬದಲು ಇಲ್ಲಿಂದ ಶುರು ಮಾಡೋಣ.

ಮೊದಲಿಗೆ ಒಂದು ಸೋಜಿಗ. ಜಗತ್ತಿನ ಅತಿ ದೊಡ್ಡ ಲಿಖಿತ ಸಂವಿಧಾನಗಳಲ್ಲಿ ಒಂದಾದ ನಮ್ಮ ಸಂವಿಧಾನದಲ್ಲಿ 1985ರ ತನಕ ರಾಜಕೀಯ ಪಕ್ಷ ಎಂಬ ಪದವೇ ಇರಲಿಲ್ಲ. ಕ್ಷೇತ್ರ ಇತ್ತು, ಸದಸ್ಯ ಇದ್ದ, ಸದನ ಇತ್ತು, ಸದನಕ್ಕೆ ಹೊಣೆಯಾದ ಮಂತ್ರಿಮಂಡಲ ಇತ್ತು. ಪಕ್ಷ ಮಾತ್ರ ಕಾಗದದ ಮೇಲೆ ಇರಲಿಲ್ಲ. ಆದರೆ ಪಕ್ಷ ಇಲ್ಲದೆ ಇವು ಯಾವುದೂ ನಡೆಯುವುದಿಲ್ಲ. ಆಂಧ್ರದ ಸದನದಲ್ಲಿ 175 ಮಂದಿ ಇದ್ದಾರೆ. ಒಬ್ಬೊಬ್ಬರೂ ಸ್ವಂತ ಹೆಸರಿನಲ್ಲೇ ಗೆದ್ದು ಬಂದರೆ ಮುಖ್ಯಮಂತ್ರಿ ಯಾರು, ಬಜೆಟ್ ಯಾರದ್ದು, ಅಕ್ಕಿಗೆ ಎಷ್ಟು, ನೀರಾವರಿಗೆ ಎಷ್ಟು ಎಂಬುದನ್ನೆಲ್ಲ ಫಲಿತಾಂಶ ಬಂದ ಮೇಲೆ ಮುಚ್ಚಿದ ಬಾಗಿಲ ಹಿಂದೆ ತೀರ್ಮಾನಿಸಬೇಕಾಗುತ್ತದೆ. ನಿಮ್ಮನ್ನು ಅಲ್ಲಿಗೆ ಯಾರೂ ಕರೆಯೋದಿಲ್ಲ. ಪಕ್ಷ ಮಾಡುವ ಮೊದಲ ಕೆಲಸ ಇದು: ಆ ಮಾತುಕತೆಯನ್ನು ಚುನಾವಣೆಗೆ ಮುಂಚೆಯೇ ಮುಗಿಸಿ, ನಾವು ಗೆದ್ದರೆ ಇಂಥದ್ದು ಮಾಡುತ್ತೇವೆ ಅಂತ ನಿಮ್ಮೆದುರು ಇಡುವುದು.

ಪಕ್ಷವೇ ಬೇಡ ಅನ್ನುವವರೂ ಇದ್ದಾರೆ. ಜಯಪ್ರಕಾಶ ನಾರಾಯಣರಂಥ ದೊಡ್ಡವರೇ ಪಕ್ಷರಹಿತ ಪ್ರಜಾಪ್ರಭುತ್ವದ ಮಾತಾಡಿದ್ದರು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತ್ ಚುನಾವಣೆ ಕಾನೂನಿನ ಪ್ರಕಾರ ಪಕ್ಷದ ಚಿಹ್ನೆ ಇಲ್ಲದೆಯೇ ನಡೆಯುತ್ತದೆ. ಆಮೇಲೆ ಏನಾಗುತ್ತದೆ ಅಂತ ನಿಮಗೇ ಗೊತ್ತಲ್ಲ. ಫಲಿತಾಂಶದ ಸಂಜೆ ಎರಡೂ ಪಕ್ಷದವರು ನಮ್ಮವರೇ ಹೆಚ್ಚು ಗೆದ್ದದ್ದು ಅಂತ ಲೆಕ್ಕ ಕೊಡುತ್ತಾರೆ. ಅಧ್ಯಕ್ಷರ ಆಯ್ಕೆಯ ಹೊತ್ತಿಗೆ ಸದಸ್ಯರು ಪ್ರವಾಸ ಹೋಗಿರುತ್ತಾರೆ. ಪಕ್ಷವನ್ನು ಬಾಗಿಲಿನಿಂದ ಹೊರಗೆ ಹಾಕಿದರೆ ಅದು ಕಿಟಕಿಯಿಂದ ಒಳಗೆ ಬರುತ್ತದೆ. ಹಾಗೆ ಬಂದಾಗ ಅದರ ಕೈಯಲ್ಲಿ ಪ್ರಣಾಳಿಕೆಯೂ ಇರುವುದಿಲ್ಲ, ಕೇಳುವುದಕ್ಕೊಂದು ವಿಳಾಸವೂ ಇರುವುದಿಲ್ಲ.

ಅಂದಹಾಗೆ, ಪಕ್ಷ ಅಂದರೆ ಬರೀ ಚುನಾವಣೆಯ ಯಂತ್ರವೂ ಅಲ್ಲ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯನ್ನೇ ನೋಡಿ. 1966ರಲ್ಲಿ ಅದಕ್ಕಾಗಿ ಅಮೃತ ರಾವ್ ಎಂಬವರು ಉಪವಾಸ ಕೂತರು, ವಿದ್ಯಾರ್ಥಿಗಳು ಬೀದಿಗಿಳಿದರು, ಗೋಲಿಬಾರ್ ಆಗಿ ಹಲವರು ಸತ್ತರು. ವಿಶಾಖ ಉಕ್ಕು ಆಂಧ್ರರ ಹಕ್ಕು ಎಂಬ ಘೋಷಣೆ ಹುಟ್ಟಿದ್ದು ಆಗ. ವಿರೋಧ ಪಕ್ಷಗಳ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟರು. ಬೀದಿಯ ಸಿಟ್ಟನ್ನು ಸದನಕ್ಕೂ, ಅಲ್ಲಿಂದ ದಿಲ್ಲಿಗೂ ಹೊತ್ತುಕೊಂಡು ಹೋಗುವ ಕೆಲಸ ಇದು. 1970ರ ಏಪ್ರಿಲ್ 17ರಂದು ಇಂದಿರಾ ಗಾಂಧಿ ಸಂಸತ್ತಿನಲ್ಲಿ ಮೂರು ಕಾರ್ಖಾನೆಗಳನ್ನು ಘೋಷಿಸಿದರು. ಒಂದು ವಿಶಾಖಪಟ್ಟಣಕ್ಕೆ, ಒಂದು ಸೇಲಂಗೆ, ಇನ್ನೊಂದು ನಮ್ಮ ಹೊಸಪೇಟೆಗೆ. ವಿಶಾಖದ್ದು ತಡವಾಗಿಯಾದರೂ ಸರ್ಕಾರಿ ಕಾರ್ಖಾನೆಯಾಗಿ ಎದ್ದು 1992ರಲ್ಲಿ ದೇಶಕ್ಕೆ ಅರ್ಪಣೆಯಾಯಿತು. ಹೊಸಪೇಟೆಯದ್ದಕ್ಕೆ ಅಡಿಗಲ್ಲು ಬಿತ್ತು, ಸರ್ಕಾರಿ ಕಾರ್ಖಾನೆ ಮಾತ್ರ ಏಳಲೇ ಇಲ್ಲ. ಕೊನೆಗೆ ತೋರಣಗಲ್ಲಿನಲ್ಲಿ ಎದ್ದದ್ದು ಜಿಂದಾಲ್ ಅವರ ಖಾಸಗಿ ಕಾರ್ಖಾನೆ. 2021ರ ಜನವರಿಯಲ್ಲಿ ವಿಶಾಖ ಕಾರ್ಖಾನೆಯನ್ನು ಪೂರ್ತಿ ಖಾಸಗಿಯವರಿಗೆ ಮಾರುವುದಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಕೇಂದ್ರ ಅದೇ ಕಾರ್ಖಾನೆಗೆ 11,440 ಕೋಟಿ ರೂಪಾಯಿಯ ನೆರವು ಘೋಷಿಸಿತು. ನಡುವೆ ಆದದ್ದೇನು? 2024ರಲ್ಲಿ ಬಿಜೆಪಿಗೆ ಒಂಟಿಯಾಗಿ ಬಹುಮತ ಬರಲಿಲ್ಲ, ತೆಲುಗು ದೇಶಂನ 16 ಸಂಸದರು ಬೇಕಾದರು. ಈ 16 ಮಂದಿ ಬಿಡಿಬಿಡಿಯಾಗಿ ಇದ್ದಿದ್ದರೆ ಅವರ ಮಾತಿಗೆ ಈ ತೂಕ ಬರುತ್ತಿತ್ತಾ? ಒಂದು ಪಕ್ಷವಾಗಿ ಒಟ್ಟಿಗೆ ಇದ್ದದ್ದಕ್ಕೆ ಬಂತು.

ಈಗ 1984ಕ್ಕೆ ಹೋಗೋಣ. ಪಕ್ಷ ಎಂಬುದರ ಅತ್ಯುತ್ತಮ ಗಳಿಗೆಯನ್ನೂ ಅದರ ಹುಣ್ಣನ್ನೂ ಒಟ್ಟಿಗೆ ನೋಡಬೇಕಾದರೆ ತೆಲುಗು ದೇಶಂನ ಕತೆಯಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಅದರಲ್ಲಿ ನಮಗೂ ಒಂದು ಪಾತ್ರ ಇದೆ.

ಎನ್.ಟಿ. ರಾಮರಾವ್ 1982ರ ಮಾರ್ಚ್ 29ರಂದು ಪಕ್ಷ ಕಟ್ಟಿದರು. ಒಂಬತ್ತು ತಿಂಗಳಲ್ಲಿ, 1983ರ ಜನವರಿಯಲ್ಲಿ, 294 ಸ್ಥಾನಗಳ ಸದನದಲ್ಲಿ 200ಕ್ಕೂ ಹೆಚ್ಚು ಗೆದ್ದರು. ಕೆಜಿಗೆ 2 ರೂಪಾಯಿಯ ಅಕ್ಕಿ ಅವರ ದೊಡ್ಡ ಭರವಸೆ. ಅದೇ ತಿಂಗಳು ನಮ್ಮಲ್ಲಿ ರಾಮಕೃಷ್ಣ ಹೆಗಡೆ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು. 1984ರಲ್ಲಿ ಎನ್‌ಟಿಆರ್ ಹೃದಯದ ಶಸ್ತ್ರಚಿಕಿತ್ಸೆಗೆ ಅಮೆರಿಕಕ್ಕೆ ಹೋಗಿ ಬಂದರು. ಬಂದ ಬೆನ್ನಿಗೇ, ಆಗಸ್ಟ್ 16ರಂದು, ರಾಜ್ಯಪಾಲ ರಾಮ್‌ಲಾಲ್ ಅವರನ್ನು ವಜಾ ಮಾಡಿದರು. ಅವರದೇ ಸಂಪುಟದ ಹಣಕಾಸು ಮಂತ್ರಿ ನಾದೆಂಡ್ಲ ಭಾಸ್ಕರ ರಾವ್ ಕಾಂಗ್ರೆಸ್ ಬೆಂಬಲದೊಂದಿಗೆ ಮುಖ್ಯಮಂತ್ರಿಯಾದರು. ಬಹುಮತ ಯಾರಿಗೆ ಇದೆ ಅಂತ ಸದನದಲ್ಲಿ ಎಣಿಸಲೇ ಇಲ್ಲ.

ಎನ್‌ಟಿಆರ್ ತಮ್ಮ ಜೊತೆ ನಿಂತ ಶಾಸಕರನ್ನು ದಿಲ್ಲಿಗೆ ಕರೆದುಕೊಂಡು ಹೋಗಿ ರಾಷ್ಟ್ರಪತಿ ಜೈಲ್ ಸಿಂಗ್ ಅವರ ಮುಂದೆ ನಿಲ್ಲಿಸಿದರು, ತಾವು ಗಾಲಿಕುರ್ಚಿಯಲ್ಲಿ ಕೂತು. ಆಮೇಲೆ ಆ ಶಾಸಕರು ಬಂದದ್ದು ಎಲ್ಲಿಗೆ? ಕರ್ನಾಟಕಕ್ಕೆ. ಹೆಗಡೆ ಸರ್ಕಾರದ ಕಾವಲಿನಲ್ಲಿ ನಂದಿ ಬೆಟ್ಟ, ಮೈಸೂರು ಅಂತ ದಿನ ಕಳೆದರು. ಇವತ್ತು ರೆಸಾರ್ಟ್ ರಾಜಕೀಯ ಅಂದರೆ ನಾವು ಮೂಗು ಮುರಿಯುತ್ತೇವೆ. ಅವತ್ತು ನಂದಿ ಬೆಟ್ಟದ ಮೇಲೆ ಇದ್ದವರು ಓಡಿಹೋದವರಲ್ಲ, ಓಡಿಹೋಗಲಾರೆವು ಅಂದವರು. ತಿಂಗಳು ತುಂಬುವುದರೊಳಗೆ ರಾಮ್‌ಲಾಲ್ ಕೆಳಗಿಳಿದರು. ಸೆಪ್ಟೆಂಬರ್ 16ರಂದು ಎನ್‌ಟಿಆರ್ ಮತ್ತೆ ಮುಖ್ಯಮಂತ್ರಿಯಾದರು. ಭಾಸ್ಕರ ರಾವ್ ಅಧಿಕಾರದಲ್ಲಿ ಇದ್ದದ್ದು ಒಂದು ತಿಂಗಳು. ಆ ವರ್ಷದ ಕೊನೆಯ ಲೋಕಸಭಾ ಚುನಾವಣೆಯಲ್ಲಿ ದೇಶವಿಡೀ ಕಾಂಗ್ರೆಸ್ ಅಲೆ ಎದ್ದಾಗ ತೆಲುಗು ದೇಶಂ 30 ಸ್ಥಾನ ಗೆದ್ದು ವಿರೋಧ ಪಕ್ಷಗಳಲ್ಲಿ ಎಲ್ಲರಿಗಿಂತ ದೊಡ್ಡದಾಯಿತು. ಒಂದು ರಾಜ್ಯದ ಪಕ್ಷಕ್ಕೆ ಅಂಥ ಜಾಗ ಹಿಂದೆ ಸಿಕ್ಕಿರಲಿಲ್ಲ.

ಆ ಒಂದು ತಿಂಗಳಲ್ಲಿ ಪಕ್ಷ ಮಾಡಿದ ಕೆಲಸ ಏನು? ಮತದಾರ ಹಾಕಿದ ಓಟನ್ನು ಅದು ಕಾದುಕೊಂಡಿತು. ಒಬ್ಬೊಬ್ಬ ಶಾಸಕನನ್ನು ಬೇರೆಬೇರೆಯಾಗಿ ಕೊಂಡುಕೊಳ್ಳಬಹುದಿತ್ತು. ಬೆದರಿಸಬಹುದಿತ್ತು. ಒಟ್ಟಿಗೆ ನಿಂತದ್ದರಿಂದ 2 ರೂಪಾಯಿಯ ಅಕ್ಕಿಗೆ ಬಿದ್ದ ಓಟು ಬೇರೆಯವರ ಜೇಬಿಗೆ ಹೋಗಲಿಲ್ಲ.

ಕೆಲವೇ ತಿಂಗಳಲ್ಲಿ, 1985ರ ಆರಂಭದಲ್ಲಿ, ರಾಜೀವ್ ಗಾಂಧಿ ಸರ್ಕಾರ 52ನೇ ತಿದ್ದುಪಡಿ ತಂದಿತು. ನಮಗೆಲ್ಲ ಗೊತ್ತಿರುವ ಪಕ್ಷಾಂತರ ನಿಷೇಧ ಕಾಯ್ದೆ ಇದೇ. ಸಂವಿಧಾನದೊಳಗೆ ರಾಜಕೀಯ ಪಕ್ಷ ಎಂಬ ಮಾತು ಬಂದದ್ದು ಈ ದಾರಿಯಲ್ಲಿ. ಪಕ್ಷ ಅಂದರೆ ಏನು, ಅದು ಹೇಗಿರಬೇಕು ಅಂತ ಹೇಳುವುದಕ್ಕೆ ಬಂದದ್ದಲ್ಲ. ಪಕ್ಷ ಬಿಟ್ಟವನ ಸ್ಥಾನ ಹೋಗುತ್ತದೆ ಅಂತ ಹೇಳುವುದಕ್ಕೆ ಬಂತು. ಸ್ವಇಚ್ಛೆಯಿಂದ ಪಕ್ಷ ತೊರೆದರೆ ಸದಸ್ಯತ್ವ ಹೋಗುತ್ತದೆ. ಪಕ್ಷದ ವಿಪ್ ಮೀರಿ ಮತ ಹಾಕಿದರೂ ಹೋಗುತ್ತದೆ. ಮೂರನೇ ಒಂದು ಭಾಗ ಒಡೆದು ಹೋದರೆ ತಪ್ಪಲ್ಲ ಎಂಬ ಅವಕಾಶ ಮೊದಲಿಗೆ ಇತ್ತು, 2003ರ 91ನೇ ತಿದ್ದುಪಡಿ ಅದನ್ನು ತೆಗೆಯಿತು. ಮೂರನೇ ಎರಡು ಭಾಗ ಒಪ್ಪಿ ವಿಲೀನವಾದರೆ ಈಗಲೂ ತಪ್ಪಲ್ಲ. ಸುಜನಾ ಚೌಧರಿ ಮತ್ತು ಇತರ ಮೂವರು 2019ರ ಜೂನ್‌ನಲ್ಲಿ ಬಿಜೆಪಿಗೆ ಹೋದದ್ದು ಹೀಗೆ. ರಾಜ್ಯಸಭೆಯಲ್ಲಿ ತೆಲುಗು ದೇಶಂಗೆ ಇದ್ದದ್ದು ಆರು ಮಂದಿ, ಹೋದದ್ದು ನಾಲ್ಕು. ಒಬ್ಬ ಹೋದರೆ ಪಕ್ಷಾಂತರಿ, ನಾಲ್ವರು ಹೋದರೆ ವಿಲೀನ! ಇಬ್ಬರು ಹಿಂದೆ ಉಳಿದ ಪಕ್ಷ ಹಾಗೇ ಇದೆ, ಆದರೂ ಕಾನೂನಿನ ಕಣ್ಣಿಗೆ ಅದು ವಿಲೀನ.

ಕಾಯ್ದೆಗೆ ಇನ್ನೊಂದು ತೂತು ಸ್ಪೀಕರ್ ಕುರ್ಚಿ. ತೀರ್ಪು ಕೊಡಬೇಕಾದವರು ಸಾಮಾನ್ಯವಾಗಿ ಆಳುವ ಪಕ್ಷದವರೇ. 2014ರಿಂದ 2019ರೊಳಗೆ ಆಂಧ್ರದಲ್ಲಿ ವೈಎಸ್‌ಆರ್ ಕಾಂಗ್ರೆಸ್ಸಿನ 23 ಶಾಸಕರು ತೆಲುಗು ದೇಶಂಗೆ ಹೋದರು, ಅವರಲ್ಲಿ ನಾಲ್ವರು ಮಂತ್ರಿಗಳಾದರು, ಯಾರ ಸ್ಥಾನವೂ ಹೋಗಲಿಲ್ಲ. 2019ರಲ್ಲಿ ತೆಲುಗು ದೇಶಂ ಗೆದ್ದದ್ದು ಸರಿಯಾಗಿ 23 ಸ್ಥಾನ. ಆಂಧ್ರದಲ್ಲಿ ಇದನ್ನು ವಿಧಿಯ ಲೆಕ್ಕ ಅಂತ ತಮಾಷೆ ಮಾಡುವವರಿದ್ದಾರೆ. ಆದರೆ ಅದೇ ವರ್ಷ ನಮ್ಮಲ್ಲಿ ಆದದ್ದು ಬೇರೆ. ಕಾಂಗ್ರೆಸ್, ಜೆಡಿಎಸ್‌ನ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದರು, ಸರ್ಕಾರ ಬಿತ್ತು, ಸ್ಪೀಕರ್ ರಮೇಶ್ ಕುಮಾರ್ 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿ ಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರ್ ಉಪಚುನಾವಣೆಯಲ್ಲಿ 15ರಲ್ಲಿ 12 ಸ್ಥಾನ ಬಿಜೆಪಿಗೆ ಬಂತು. ಹಳೆಯ ಮುಖಗಳೇ ಹೊಸ ಚಿಹ್ನೆಯಲ್ಲಿ ಗೆದ್ದು, ಹಲವರು ಮಂತ್ರಿಗಳೂ ಆದರು. ಹಾಗಾದರೆ ಕರ್ನಾಟಕದ ಮತದಾರನಿಗೆ ಪಕ್ಷಾಂತರ ತಪ್ಪು ಅನಿಸಲೇ ಇಲ್ಲವಾ? ಅನಿಸಿರಬಹುದು. ಆದರೆ ಆಳುವ ಪಕ್ಷದಲ್ಲಿ ಇದ್ದರೆ ನಮ್ಮ ರಸ್ತೆ ಆಗುತ್ತದೆ ಎಂಬ ಲೆಕ್ಕವೂ ಮತದಾರನದ್ದೇ. ಅದನ್ನು ಬರೀ ದುಡ್ಡಿನ ಆಟ ಅಂತ ತಳ್ಳಿಹಾಕಿದರೆ ನಾವು ಮತದಾರನನ್ನು ಅರ್ಥ ಮಾಡಿಕೊಂಡಿಲ್ಲ ಅಂತಲೇ ಆಗುತ್ತದೆ.

ಇಷ್ಟಕ್ಕೂ ಪಕ್ಷ ಬಿಡುವವನೊಬ್ಬನೇ ಓಟಿಗೆ ಮೋಸ ಮಾಡುವವನಾ? ಪಕ್ಷದಲ್ಲೇ ಇದ್ದುಕೊಂಡು ಓಟಿನ ಅರ್ಥವನ್ನು ಬದಲಿಸಿದರೆ? ಅದಕ್ಕೆ ಕಾಯ್ದೆಯಲ್ಲಿ ಜಾಗವೇ ಇಲ್ಲ. ಮತ್ತೆ ತೆಲುಗು ದೇಶಂಗೇ ಬನ್ನಿ.

1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿಯ ವಿರುದ್ಧ ಎದ್ದರು. ಕಿಚ್ಚು ರಾಜ್ಯವಿಡೀ ಹಬ್ಬಿತು. 1994ರ ಕೊನೆಯಲ್ಲಿ ಎನ್‌ಟಿಆರ್ ಪಾನನಿಷೇಧ ಮತ್ತು ಮತ್ತೆ 2 ರೂಪಾಯಿಯ ಅಕ್ಕಿ ಎಂಬ ಭರವಸೆಯ ಮೇಲೆ 216 ಸ್ಥಾನ ಗೆದ್ದರು, ಎರಡನ್ನೂ ಜಾರಿಗೆ ತಂದರು. 1995ರ ಆಗಸ್ಟ್‌ನಲ್ಲಿ ಅವರ ಅಳಿಯ ಚಂದ್ರಬಾಬು ನಾಯ್ಡು ಜೊತೆ ಬಹುಪಾಲು ಶಾಸಕರು ಹೈದರಾಬಾದಿನ ವೈಸ್‌ರಾಯ್ ಹೋಟೆಲಿನಲ್ಲಿ ಸೇರಿದರು. ಸೆಪ್ಟೆಂಬರ್ 1ರಂದು ನಾಯ್ಡು ಮುಖ್ಯಮಂತ್ರಿಯಾದರು. ಪಕ್ಷಾಂತರ ಕಾಯ್ದೆ ಮುಟ್ಟಲಿಲ್ಲ, ಯಾಕೆಂದರೆ ಯಾರೂ ಪಕ್ಷ ಬಿಟ್ಟಿರಲಿಲ್ಲ. ಪಕ್ಷವೇ ನಾವು ಅಂದರು, ಸ್ಪೀಕರ್ ಒಪ್ಪಿದರು. ನಾಲ್ಕೂವರೆ ತಿಂಗಳಲ್ಲಿ ಎನ್‌ಟಿಆರ್ ತೀರಿಕೊಂಡರು. 1996ರಲ್ಲಿ ಅಕ್ಕಿಯ ದರ 2ರಿಂದ 3.50 ರೂಪಾಯಿಗೆ ಏರಿತು. 1997ರಲ್ಲಿ ಪಾನನಿಷೇಧ ಹೋಯಿತು.

ನಾಯ್ಡು ಅವರ ಬಳಿ ಕಾರಣ ಇತ್ತು, ಅದು ಸುಳ್ಳು ಕಾರಣವೂ ಅಲ್ಲ. ಖಜಾನೆ ಖಾಲಿಯಾಗಿತ್ತು. 1999ರಲ್ಲಿ ಜನ ಅವರನ್ನೇ ಗೆಲ್ಲಿಸಿದರು. ಬ್ರಿಟನ್ನಿನಲ್ಲಿ 1990ರಲ್ಲಿ ಮಾರ್ಗರೆಟ್ ಥ್ಯಾಚರ್ ಅವರನ್ನು ಇಳಿಸಿದ್ದೂ ಅವರದೇ ಪಕ್ಷದ ಸಂಸದರು, ಅವರು ತಂದಿದ್ದ ತಲೆಗಂದಾಯವನ್ನು ಆಮೇಲೆ ಕೈಬಿಟ್ಟದ್ದೂ ಅದೇ ಪಕ್ಷ. ಆದರೆ ಅಲ್ಲಿ ನಾಯಕರನ್ನು ಪ್ರಶ್ನಿಸುವುದಕ್ಕೆ ಲಿಖಿತ ನಿಯಮ ಇತ್ತು, ಮತದಾನ ನಡೆಯಿತು, ಇಂತಿಷ್ಟು ಓಟು ಅಂತ ದೇಶಕ್ಕೆ ತಿಳಿಯಿತು. ಇಲ್ಲಿ ಒಂದು ಹೋಟೆಲ್ ಇತ್ತು. ಎನ್‌ಟಿಆರ್ ಅವರ ಪತ್ನಿ ಲಕ್ಷ್ಮೀ ಪಾರ್ವತಿ ಆಡಳಿತದಲ್ಲಿ ಕೈಹಾಕುತ್ತಾರೆ ಎಂಬುದು ಶಾಸಕರ ದೂರಾಗಿತ್ತು. ಆ ದೂರನ್ನು ಹೇಳುವುದಕ್ಕೆ ಪಕ್ಷದೊಳಗೆ ಒಂದು ವೇದಿಕೆ ಇದ್ದಿದ್ದರೆ? ಇರಲಿಲ್ಲ, ಯಾಕೆಂದರೆ ಎನ್‌ಟಿಆರ್ ಕಟ್ಟಿದ ಪಕ್ಷದಲ್ಲಿ ಎನ್‌ಟಿಆರ್ ಬಿಟ್ಟು ಬೇರೆ ವೇದಿಕೆ ಯಾವತ್ತೂ ಇರಲಿಲ್ಲ. 1984ರಲ್ಲಿ ಅವರನ್ನು ಉಳಿಸಿದ ಒಗ್ಗಟ್ಟು ಒಬ್ಬ ವ್ಯಕ್ತಿಯ ಸುತ್ತ ಇತ್ತು. ವ್ಯಕ್ತಿ ಬದಲಾದಾಗ ಅದೇ ಒಗ್ಗಟ್ಟು ಅವರ ವಿರುದ್ಧ ನಿಂತಿತು. ದೂಬಗುಂಟದ ಹೆಂಗಸರ ಓಟಿಗೆ ಏನಾಯಿತು ಅಂತ ಎರಡೂ ಕಡೆಯವರು ಕೇಳಲಿಲ್ಲ.

ಪಕ್ಷಾಂತರ ಕಾಯ್ದೆಯ ಬಗ್ಗೆ ನನ್ನ ತಕರಾರು ಇಲ್ಲೇ ಇದೆ. ಅದು ಶಾಸಕನನ್ನು ಪಕ್ಷಕ್ಕೆ ಕಟ್ಟಿಹಾಕಿತು, ಪಕ್ಷವನ್ನು ಯಾವುದಕ್ಕೂ ಕಟ್ಟಲಿಲ್ಲ. ಶಾಸಕ ಈಗ ವಿಪ್‌ಗೆ ಹೆದರುತ್ತಾನೆ, ಮುಂದಿನ ಬಿ ಫಾರಂಗೆ ಹೆದರುತ್ತಾನೆ. ಪ್ರತಿ ಮಸೂದೆಗೂ ಕೈ ಎತ್ತುತ್ತಾನೆ. ಬಿ ಫಾರಂ ಕೊಡುವವರು ಯಾರು? ನಾಲ್ಕೈದು ಜನ, ಕೆಲವು ಪಕ್ಷಗಳಲ್ಲಿ ಒಬ್ಬರೇ. ಜರ್ಮನಿಯವರು ಹಿಟ್ಲರ್‌ನ ಪಕ್ಷವನ್ನು ಕಂಡ ಮೇಲೆ, 1949ರ ತಮ್ಮ ಮೂಲಭೂತ ಕಾನೂನಿನ 21ನೇ ವಿಧಿಯಲ್ಲಿ, ಪಕ್ಷದ ಒಳಗಿನ ವ್ಯವಸ್ಥೆಯೂ ಪ್ರಜಾಪ್ರಭುತ್ವದ ತತ್ವಕ್ಕೆ ತಕ್ಕಂತಿರಬೇಕು ಅಂತ ಬರೆದುಕೊಂಡರು. ನಮ್ಮಲ್ಲಿ ಜನಪ್ರಾತಿನಿಧ್ಯ ಕಾಯ್ದೆಯ 29ಎ ಪ್ರಕಾರ ಪಕ್ಷವನ್ನು ನೋಂದಾಯಿಸುವಾಗ ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವಕ್ಕೆ ನಿಷ್ಠರಾಗಿರುತ್ತೇವೆ ಅಂತ ಬರೆದುಕೊಡಬೇಕು. ಬರೆದುಕೊಟ್ಟ ಮೇಲೆ ಮುರಿದರೆ? ಆ ಕಾರಣಕ್ಕೆ ನೋಂದಣಿ ರದ್ದು ಮಾಡುವ ಅಧಿಕಾರ ಚುನಾವಣಾ ಆಯೋಗಕ್ಕೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ನಮ್ಮಂಥ ಸಮುದಾಯಕ್ಕೆ ಇದು ಪುಸ್ತಕದ ಚರ್ಚೆಯಲ್ಲ. ಸಂಖ್ಯೆಯಲ್ಲಿ ಕಡಿಮೆ ಇರುವವರು ತಾವೇ ಒಂದು ಸರ್ಕಾರ ಮಾಡಲಾರರು. ಅವರ ಓಟು ಕೆಲಸ ಮಾಡಬೇಕಾದರೆ ಇತರರ ಜೊತೆ ಕೂಡಬೇಕು, ಕೂಡುವ ಜಾಗವೇ ಪಕ್ಷ. 2023ರ ಮಾರ್ಚ್‌ನಲ್ಲಿ, ಚುನಾವಣೆಗೆ ವಾರಗಳಿರುವಾಗ, ಬಸವರಾಜ ಬೊಮ್ಮಾಯಿ ಸರ್ಕಾರ 2ಬಿಯಲ್ಲಿ ಮುಸ್ಲಿಮರಿಗೆ ಇದ್ದ ಶೇ. 4 ಮೀಸಲಾತಿಯನ್ನು ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ಹಂಚಿತು. ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ ಸದ್ಯಕ್ಕೆ ಜಾರಿ ಮಾಡುವುದಿಲ್ಲ ಅಂದಿತು. ಒಂದು ವರ್ಷದ ನಂತರ ಆಂಧ್ರದಲ್ಲಿ ಅದೇ ಬಿಜೆಪಿಯ ಜೊತೆ ಮೈತ್ರಿಯಲ್ಲಿದ್ದ ನಾಯ್ಡು, ತಮ್ಮ ರಾಜ್ಯದ ಮುಸ್ಲಿಮರ ಶೇ. 4 ಮೀಸಲಾತಿ ಉಳಿಯುತ್ತದೆ ಅಂತ ಪ್ರಚಾರ ಸಭೆಗಳಲ್ಲಿ ಹೇಳಿದರು. ಪ್ರೀತಿ ಉಕ್ಕಿ ಹೇಳಿದ್ದು ಅಂತ ನಾನು ನಂಬುವುದಿಲ್ಲ, ನೀವೂ ನಂಬಬೇಕಿಲ್ಲ. ಆ ಪಕ್ಷಕ್ಕೆ ಬೀಳುವ ಓಟಿನಲ್ಲಿ ಮುಸ್ಲಿಮರದ್ದೂ ಒಂದು ಪಾಲು ಇದೆ, ಅಷ್ಟೇ. ಕರ್ನಾಟಕದ ಬಿಜೆಪಿಗೆ ಆ ಪಾಲು ಬೇಕಿರಲಿಲ್ಲ, ಹಾಗಾಗಿ ಕಳೆದುಕೊಳ್ಳುವ ಭಯವೂ ಇರಲಿಲ್ಲ. ಪಕ್ಷದ ಒಳಗೆ ಯಾರ ಓಟು ಇದೆ, ಯಾರ ದನಿ ಇದೆ ಎಂಬುದು ಕೊನೆಗೆ ಸರ್ಕಾರದ ಆದೇಶದಲ್ಲಿ ಕಾಣುತ್ತದೆ. ಅದೇ ಹೊತ್ತಿಗೆ, ಓಟು ಇದ್ದೂ ದನಿ ಇಲ್ಲದ ಪಕ್ಷಗಳೂ ನಮಗೆ ಗೊತ್ತು. ಚುನಾವಣೆಯ ವಾರ ಟೋಪಿ ಹಾಕಿಕೊಂಡು ಬರುತ್ತಾರೆ, ಟಿಕೆಟ್ ಹಂಚುವ ದಿನ ನಮ್ಮವರ ನೆನಪಿರುವುದಿಲ್ಲ.

2022ರ ಜುಲೈಯಲ್ಲಿ ಗುಂಟೂರಿನ ಹತ್ತಿರ ವೈಎಸ್‌ಆರ್ ಕಾಂಗ್ರೆಸ್ಸಿನ ಮಹಾಧಿವೇಶನ ನಡೆಯಿತು. ಜಗನ್ ಮೋಹನ್ ರೆಡ್ಡಿ ಅವರನ್ನು ಪಕ್ಷದ ಆಜೀವ ಅಧ್ಯಕ್ಷರನ್ನಾಗಿ ಮಾಡಿದರು ಎಂಬ ಸುದ್ದಿ ಬಂತು. ಸೆಪ್ಟೆಂಬರ್‌ನಲ್ಲಿ ಚುನಾವಣಾ ಆಯೋಗ, ಕಾಯಂ ಅಧ್ಯಕ್ಷ ಎಂಬ ಕಲ್ಪನೆಯೇ ಪ್ರಜಾಪ್ರಭುತ್ವಕ್ಕೆ ವಿರುದ್ಧ ಅಂತ ಆದೇಶ ಹೊರಡಿಸಿತು. ಆ ಪಕ್ಷದ ಅಧ್ಯಕ್ಷರು ಆಗಲೂ ಜಗನ್, ಆಮೇಲೂ ಜಗನ್. ತೆಲುಗು ದೇಶಂ ಅಧ್ಯಕ್ಷ ಪಟ್ಟದಲ್ಲಿ ಮೂರು ದಶಕ ಕಳೆದರೂ ನಾಯ್ಡು. ಇತ್ತ ನಮ್ಮಲ್ಲಿ ಜೆಡಿಎಸ್ ಯಾರ ಮನೆಯದ್ದು ಅಂತ ಶಾಲೆಗೆ ಹೋಗುವ ಮಗುವನ್ನು ಕೇಳಿದರೂ ಹೇಳುತ್ತದೆ.

ಮತ್ತೆ ಬೆಟ್ಟದ ಬುಡಕ್ಕೆ ಬಂದರೆ, 2024ರ ಚುನಾವಣೆಗೆ ವೈಎಸ್‌ಆರ್ ಕಾಂಗ್ರೆಸ್ ತನ್ನ ಶಾಸಕ ಶ್ರೀನಿವಾಸ್ ಅವರನ್ನು ಪಶ್ಚಿಮದಿಂದ ಎತ್ತಿ ವಿಜಯವಾಡ ಸೆಂಟ್ರಲ್‌ಗೆ ಕಳುಹಿಸಿತು. ಪಶ್ಚಿಮದಲ್ಲಿ 2019ರಲ್ಲಿ ಜನಸೇನೆಯಿಂದ ನಿಂತು ಸೋತಿದ್ದ ಪೋತಿನ ಮಹೇಶ್ ಈ ಸಲ ಟಿಕೆಟ್ ತಮಗೇ ಅಂತ ಕಾಯುತ್ತಿದ್ದರು. ಮೈತ್ರಿಯ ಹಂಚಿಕೆಯಲ್ಲಿ ಸ್ಥಾನ ಬಿಜೆಪಿಗೆ ಹೋಯಿತು, ಅಲ್ಲಿಗೆ ಸುಜನಾ ಚೌಧರಿ ಬಂದರು. ಮಹೇಶ್ ಪ್ರತಿಭಟಿಸಿದರು, ಆಮೇಲೆ ವೈಎಸ್‌ಆರ್ ಕಾಂಗ್ರೆಸ್ ಸೇರಿದರು. ಮೂರೂ ತೀರ್ಮಾನಗಳು ಆದದ್ದು ಒನ್‌ಟೌನಿನ ಹೊರಗೆ. ಮೇ 13ರಂದು ಇಸ್ಲಾಂಪೇಟದವರೂ ವಿಂಚಿಪೇಟದವರೂ ಎಂದಿನಂತೆ ಮತಗಟ್ಟೆಗೆ ಹೋಗಿ, ತಮ್ಮನ್ನು ಕೇಳದೆ ಬರೆದ ಪಟ್ಟಿಯಿಂದ ಒಂದು ಹೆಸರನ್ನು ಒತ್ತಿ ಬಂದರು.